ಸುಳ್ಳು ಸಾವಿಗೆ ಜೊತೆಗಾತಿ

ಕಟ್ಟಬೆಟ್ಟಿನ ಬಸ್‌ಸ್ಟಾಪಿನಲ್ಲಿ ಪಕ್ಕದ ಮನೆಯ ಮಾದಿ ಅಕ್ಕ ಸಾವಿನ ಮನೆಗೆ ಹೊರಟವರಂತೆ ಬಿಳಿ ಶಾಲು ಹೊದ್ದು ನಿಂತಿದ್ದಳು. ಊಟಿಯಲ್ಲಿ ಕುಡಿತ ಬಿಡುವವರ ಸಭೆ ಇದೆಯೆಂದು ತಿಳಿದು, ಗಂಡನನ್ನು ಹೇಗೋ ಒಪ್ಪಿಸಿ ಹೊರಡಿಸಿದ್ದೆ. ಹಟ್ಟಿಯವರಿಗೆ ಗೊತ್ತಾಗಬಾರದೆಂದು, ಕುಂದಾ ಊರಿನ ನೆಂಟರಲ್ಲಿ ಸಾವಾಗಿದೆ ಎಂದುಬಿಟ್ಟಿದ್ದೆ. ಸಾವೆಂದರೆ ನಮ್ಮಲ್ಲಿ ಜೊತೆಗೆ ಒಬ್ಬರಾದರೂ ಹೊರಡುತ್ತಾರೆ ಎಂಬುದೇ ಮರೆತುಹೋಗಿತ್ತು.

"ಯಾರಮ್ಮ ಹೋಗಿದ್ದು?" ಎಂದಳು ಅಕ್ಕ. ಗಂಡ ಆಗಲೇ ಮನೆ ಕಡೆ ತಿರುಗಿದ್ದರು. ಅವರ ತೋಳನ್ನು ಬಿಗಿಯಾಗಿ ಹಿಡಿದು, ನಿಜ ಹೇಳಿದೆ.

ಅಕ್ಕ ಇವರ ಮುಖವನ್ನೇ ನೋಡಿದಳು. "ಸಾವಾಗೋಕೆ ಮುಂಚೆಯೇ ಹೊರಟಿದ್ದೀರಲ್ಲ, ನಡೀರಿ" ಎಂದು ತಾನೇ ಮೊದಲು ಬಸ್ ಹತ್ತಿದಳು. ಸಭೆ ಮುಗಿಯುವವರೆಗೂ ಬಾಗಿಲಾಚೆ ನನ್ನ ಪಕ್ಕದಲ್ಲೇ ಕೂತಿದ್ದಳು.

ಮುಂದಿನ ವಾರ ಇವರು ಬರುತ್ತಾರೋ ಇಲ್ಲವೋ, ಆ ಭಯ ಇನ್ನೂ ಹೋಗಿಲ್ಲ. ಮಾದಿ ಅಕ್ಕ ಮಾತ್ರ ಬಸ್ಸಿನ ಹೊತ್ತು ಕೇಳಿಕೊಂಡು ಹೋಗಿದ್ದಾಳೆ.