ಮೂರನೇ ಲೈನಿನ ಬೋರ್ಡಕ್ಕ

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಮೂರನೇ ಲೈನಿನ ಏಳು ಆಪರೇಟರುಗಳ ಕೈಗೆ ನೋಟಿಸ್ ಬಂದು ಇಂದಿಗೆ ಎಂಟು ದಿನ. ವಿಚಾರಣೆಗೆ ಇನ್ನು ಐದು ದಿನ ಉಳಿದಿದೆ.

ಅಲ್ಯೂಮಿನಿಯಂ ಕರಗಿಸಿ ನೀರಿನ ಪಂಪಿನ ಹೊರಕವಚ ಎರಕ ಹೊಯ್ಯುವ ಈ ಕಾರ್ಖಾನೆಯಲ್ಲಿ ಮೊದಲ ಪಾಳಿ ಶುರುವಾಗುವುದು ಆರಕ್ಕೆ. ನಲವತ್ತಾರು ವರ್ಷದ ಹೆಂಗಸೊಬ್ಬರು ಇಪ್ಪತ್ತು ನಿಮಿಷ ಮೊದಲೇ ಬಂದು, ನೆಲದ ಹಳದಿ ಗೆರೆಯ ಈಚೆ, ಏಳು ಮೆಷಿನ್ನುಗಳೂ ಕಾಣುವ ಜಾಗ ಹುಡುಕಿ ನಿಂತಿದ್ದಾರೆ. ಕೈಯಲ್ಲಿ ನೋಟ್‌ಬುಕ್, ಪೆನ್ಸಿಲ್. ಕೊರಳಿಗೆ ದಾರದಲ್ಲಿ ಕಟ್ಟಿಕೊಂಡ ಸ್ಟಾಪ್‌ವಾಚ್. ತಲೆಯ ಮೇಲೆ ಕಬ್ಬಿಣದ ತೊಲೆಗೆ ನೇತುಹಾಕಿದ ದೊಡ್ಡ ಪರದೆಯಲ್ಲಿ ಅಂಕಿಗಳು ಇಪ್ಪತ್ತು ಸೆಕೆಂಡಿಗೊಮ್ಮೆ ಬದಲಾಗುತ್ತಿವೆ: ತಯಾರಾದ ಕವಚ ಎಷ್ಟು, ಕೆಟ್ಟದ್ದು ಎಷ್ಟು, ಮೆಷಿನ್ ನಿಂತ ನಿಮಿಷ ಎಷ್ಟು. ಆ ಪರದೆಯನ್ನು ಮಾಡಿದವರು ಇವರೇ. ಈಗ ಅದಕ್ಕೆ ಬೆನ್ನು ಹಾಕಿ ಕೈಯಲ್ಲಿ ಎಣಿಸುತ್ತಿದ್ದಾರೆ. ಇಂದು ಎಣಿಕೆಯ ಆರನೇ ದಿನ, ಕೊನೆಯ ದಿನ.

"ಬೋರ್ಡಕ್ಕ, ನಾನು ಇದ್ದೀನಾ ಇಲ್ವಾ, ಸ್ವಲ್ಪ ನೋಡಿ ಹೇಳಿ," ಎಂದು ಎರಡನೇ ಮೆಷಿನ್ನಿನ ಆಪರೇಟರ್ ಕೈಗವಸು ತೊಡುತ್ತಾ ಕೂಗುತ್ತಾರೆ. "ಮನೇಲಿ ಹೆಂಡತೀನೂ ಇದನ್ನೇ ಕೇಳ್ತಾಳೆ."

ಯಾರೂ ನಗುವುದಿಲ್ಲ. ಕೂಗಿದವರಿಗೂ ನೋಟಿಸ್ ಬಂದಿದೆ.

ಕಾರಿನ ಸ್ಟೇರಿಂಗ್ ಹಿಂದೆ ವೇಗ, ಪೆಟ್ರೋಲ್, ಎಂಜಿನ್ನಿನ ಬಿಸಿ ತೋರಿಸುವ ಫಲಕ ಇರುತ್ತದಲ್ಲ, ಅಂಥದ್ದನ್ನೇ ಕಾರ್ಖಾನೆಗೆ ಮಾಡಿಕೊಡುವುದು ಇವರ ಕೆಲಸ. ಅದರ ಹೆಸರು ಡ್ಯಾಶ್‌ಬೋರ್ಡ್. ಜನರ ಬಾಯಲ್ಲಿ ಅದು ಬೋರ್ಡ್, ಮಾಡುವವರು ಬೋರ್ಡಕ್ಕ. ಹನ್ನೊಂದು ವರ್ಷದಲ್ಲಿ ಅರವತ್ತಮೂರು ಬೋರ್ಡ್ ಮಾಡಿದ್ದಾರೆ, ಹತ್ತೊಂಬತ್ತು ಇವತ್ತಿಗೂ ಬಳಕೆಯಲ್ಲಿವೆ. ಗುಣಮಟ್ಟ ವಿಭಾಗಕ್ಕೆ ಬಿರುಕು ಬಿಟ್ಟ ಕವಚಗಳ ಲೆಕ್ಕ, ರಿಪೇರಿಯವರಿಗೆ ಯಾವ ಮೆಷಿನ್ ಎಷ್ಟು ಗಂಟೆ ಓಡಿತೆಂಬ ಲೆಕ್ಕ, ಮ್ಯಾನೇಜರ್ ಫೋನಿನಲ್ಲಿ ಒಂದೇ ಒಂದು ಅಂಕಿ.

"ನಂದು ಟೈಲರ್ ಕೆಲಸ ಇದ್ದ ಹಾಗೆ," ಅನ್ನುತ್ತಾರೆ ಅವರು. "ಮ್ಯಾನೇಜರ್‌ಗೆ ಒಂದಂಕಿ ಸಾಕು, ರಿಪೇರಿಯವರಿಗೆ ನಲವತ್ತು ಬೇಕು. ಎಲ್ರಿಗೂ ಒಂದೇ ಅಳತೆ ಅಂಗಿ ಹೊಲಿದ್ರೆ ಯಾರ ಮೈಗೂ ಕೂರಲ್ಲ."

ಇಷ್ಟಾದರೂ ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ ಇಂದಿಗೂ 'ಎಣಿಕೆ ಗುಮಾಸ್ತೆ'. ಇಪ್ಪತ್ತೆರಡು ವರ್ಷದ ಹಿಂದೆ ಸೇರಿದಾಗ ಬರೆದದ್ದನ್ನು ಯಾರೂ ತಿದ್ದಿಲ್ಲ. ಆಗ ಗಂಟೆಗೊಮ್ಮೆ ಐದೂ ಲೈನು ಸುತ್ತಿ, ತಟ್ಟೆಗಳಲ್ಲಿದ್ದ ಕವಚ ಎಣಿಸಿ, ಬಾಗಿಲ ಬಳಿಯ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆಯುವುದು ಕೆಲಸ. ಆ ಕೆಲಸ ಕೊಡಿಸಿದ್ದು ಅವರ ಅಕ್ಕನ ಗಂಡ. ತಂದೆತಾಯಿ ಒಂದೇ ವರ್ಷದಲ್ಲಿ ತೀರಿಕೊಂಡಾಗ, ಇನ್ನೂ ಮದುವೆಯಾಗದ ನಾದಿನಿಯನ್ನು ಮನೆಯ ಮಹಡಿ ಕೋಣೆಗೆ ಕರೆತಂದವರೂ ಅವರೇ. ಬೋರ್ಡಕ್ಕ ಅವರನ್ನು ಭಾವ ಎಂದು ಕರೆಯುತ್ತಾರೆ. ಈ ಭಾವ ಮೂರನೇ ಲೈನಿನ ಐದನೇ ಮೆಷಿನ್ ನಡೆಸುವವರು. ವಯಸ್ಸು ಐವತ್ತೆಂಟು, ನಿವೃತ್ತಿಗೆ ಎರಡು ವರ್ಷ.

ಕಂಪ್ಯೂಟರ್ ಕಲಿತದ್ದು ಉಗ್ರಾಣದ ಮೂಲೆಯಲ್ಲಿ, ಯಾರೋ ಬಿಟ್ಟುಹೋದ ಕೈಪಿಡಿ ಇಟ್ಟುಕೊಂಡು. ಪಾಳಿ ಮುಗಿದ ಮೇಲೆ ಎರಡು ಗಂಟೆ, ಮೂರು ವರ್ಷ. ಕಣ್ಣಿಗೆ ದಪ್ಪ ಗಾಜು ಬಂದದ್ದು, ಕತ್ತು ಎಡಕ್ಕೆ ತಿರುಗದಂತಾದದ್ದು ಆಗಲೇ. ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಅವರು ಇಡೀ ಮೈ ತಿರುಗಿಸಿ ನೋಡುತ್ತಾರೆ.

ತಪ್ಪು ನಡೆದದ್ದು ಐದು ತಿಂಗಳ ಹಿಂದೆ. ಮೆಷಿನ್ ಎಷ್ಟು ಹೊತ್ತು ನಿಂತಿತು ಎಂದು ಬೋರ್ಡ್ ಹೇಳುತ್ತಿತ್ತು, ಯಾಕೆ ನಿಂತಿತು ಎಂದು ಹೇಳುತ್ತಿರಲಿಲ್ಲ. ಕಾರಣವೂ ಬೇಕು ಎಂದು ಮ್ಯಾನೇಜರ್ ಕೇಳಿದರು. ಬೋರ್ಡಕ್ಕ ಪ್ರತಿ ಮೆಷಿನ್ನಿಗೂ ಅಂಗೈಯಗಲದ ಒಂದು ಚಿಕ್ಕ ಪರದೆ ಕೂರಿಸಿದರು. ಅದರಲ್ಲಿ ಒಂದರ ಕೆಳಗೊಂದು ಆರು ಬಟನ್. ಮೆಷಿನ್ ಎರಡು ನಿಮಿಷಕ್ಕಿಂತ ಹೆಚ್ಚು ನಿಂತರೆ ಪರದೆ ಕಿರುಚಲು ಶುರುಮಾಡುತ್ತದೆ. ಯಾವುದಾದರೊಂದು ಕಾರಣ ಒತ್ತುವ ತನಕ ಬಾಯಿ ಮುಚ್ಚುವುದಿಲ್ಲ. ಬಟನ್‌ಗಳನ್ನು ಯಾವ ಕ್ರಮದಲ್ಲಿ ಇಡಬೇಕೆಂದು ಅವರು ಯೋಚಿಸಲಿಲ್ಲ. ಕಂಪ್ಯೂಟರ್ ತಾನಾಗಿಯೇ ಅಕ್ಷರಮಾಲೆಯ ಪ್ರಕಾರ ಜೋಡಿಸಿತು. 'ಆಪರೇಟರ್ ಇಲ್ಲ' ಎಲ್ಲಕ್ಕಿಂತ ಮೇಲೆ ಬಂತು. 'ಗಾಳಿ ಕಮ್ಮಿ' ನಾಲ್ಕನೆಯದು, 'ಡೈ ಸ್ವಚ್ಛತೆ', ಅಂದರೆ ಅಚ್ಚು ಒರೆಸುವುದು, ಐದನೆಯದು.

ಮೂರು ತಿಂಗಳ ವರದಿ ಮೇಲಿನವರ ಮುಂದೆ ಹೋಯಿತು. ಅಂಕಿಗಳನ್ನು ಬಣ್ಣದ ಚಿತ್ರವಾಗಿ ಬರೆದುಕೊಟ್ಟವರೂ ಬೋರ್ಡಕ್ಕನೇ. ಮೂರನೇ ಲೈನಿನ ಮೊದಲ ಪಾಳಿಯಲ್ಲಿ ಮೆಷಿನ್ ನಿಲ್ಲುವುದು ಎಲ್ಲ ಲೈನಿಗಿಂತ ಹೆಚ್ಚು. ನಿಂತದ್ದರಲ್ಲಿ ನೂರಕ್ಕೆ ಐವತ್ತೊಂದು ಸಲ ಕಾರಣ, ಆಪರೇಟರ್ ಜಾಗದಲ್ಲಿಲ್ಲ. ಹದಿನೈದು ದಿನದೊಳಗೆ ವಿಚಾರಣೆ, ಆರೋಪ ನಿಜವಾದರೆ ಕೆಲಸದಿಂದ ವಜಾ ಎಂದು ಏಳು ನೋಟಿಸ್ ಬಂದವು.

ಭಾವನ ಕೈಗೆ ನೋಟಿಸ್ ಬಂದ ಸಂಜೆ ಅಕ್ಕ ಅದನ್ನು ಎರಡು ಸಲ ಓದಿದರು. ಮಡಿಸಿ ಅಡಿಗೆಮನೆಯ ಡಬ್ಬಿಯೊಂದರ ಕೆಳಗಿಟ್ಟರು.

"ಉಂಡ ಮನೆಗೆ ಎರಡು ಬಗೆದೆಯಲ್ಲೇ," ಎಂದರು ತಂಗಿಗೆ.

"ಅಕ್ಕಾ, ನಾನು ಬೋರ್ಡ್ ಮಾಡಿದ್ದು. ಅಂಕಿ ನಂದಲ್ಲ."

"ಅಂಕಿ ಯಾರದು ಹಾಗಾದ್ರೆ, ಪಕ್ಕದ ಮನೆಯವರದಾ? ಮೂವತ್ತು ವರ್ಷ ಒಂದು ದಿನಾನೂ ಜಾಗ ಬಿಟ್ಟು ಅಲ್ಲಾಡಿದ ಮನುಷ್ಯ ಅಲ್ಲ. ನಿನ್ನ ಬೋರ್ಡಿಗೆ ಕಣ್ಣಿಲ್ಲ ಸರಿ, ನಿಂಗೂ ಇಲ್ವಾ?"

"ಬಿಡೇ, ಅವಳೇನು ಮಾಡ್ತಾಳೆ," ಎಂದು ಭಾವ ಹೇಳಿದರು. ಅಕ್ಕ ಬಿಡಲಿಲ್ಲ. ಅಂದಿನಿಂದ ಊಟ ಮುಚ್ಚಿಟ್ಟ ತಟ್ಟೆಯಾಗಿ ಮಹಡಿ ಮೆಟ್ಟಿಲ ಮೇಲೆ ಬರುತ್ತದೆ. ಜತೆಗೆ ಮಾತು ಬರುವುದಿಲ್ಲ.

ಮರುದಿನ ಬೋರ್ಡಕ್ಕ ಪಾಳಿಯ ಹೊತ್ತಿಗೆ ಹೋಗಿ ಭಾವನ ಮೆಷಿನ್ ಹತ್ತಿರ ನಿಂತರು. ಬೋರ್ಡ್ ಕೂರಿಸಿದ ಮೇಲೆ ಅಲ್ಲಿ ನಿಂತದ್ದು ಅದೇ ಮೊದಲು. ಆರು ಮುಕ್ಕಾಲಿಗೆ ಮೆಷಿನ್ ನಿಂತಿತು. ಭಾವ ಇಕ್ಕಳದಲ್ಲಿ ಬಿಸಿ ಕವಚ ಹಿಡಿದು, ಅಚ್ಚಿನೊಳಗೆ ಬಗ್ಗಿ ಏನನ್ನೋ ಬಿಡಿಸುತ್ತಿದ್ದರು. ಪರದೆ ಕಿರುಚಿತು. ಭಾವ ತಿರುಗಿಯೂ ನೋಡದೆ, ದಪ್ಪ ಚರ್ಮದ ಕೈಗವಸಿನ ಗೆಣ್ಣಿನಿಂದ ಎಲ್ಲಕ್ಕಿಂತ ಮೇಲಿನ ಬಟನ್ನಿಗೆ ಕುಟ್ಟಿದರು. ಕಿರುಚಾಟ ನಿಂತಿತು. 'ಆಪರೇಟರ್ ಇಲ್ಲ' ಎಂದು ದಾಖಲಾಯಿತು.

"ಭಾವ, ನೀವು ಇಲ್ಲೇ ಇದ್ದೀರಲ್ಲ!"

"ಮತ್ತೆಲ್ಲಿಗೆ ಹೋಗಲಿ?"

"ಆಪರೇಟರ್ ಇಲ್ಲ ಅಂತ ಒತ್ತಿದ್ರಿ."

"ಅದು ಬಾಯಿ ಮುಚ್ಚಬೇಕಲ್ಲಮ್ಮ, ಅದಕ್ಕೆ ಒತ್ತಿದೆ. ಕೆಳಗಿನದ್ದಕ್ಕೆ ಈ ಗ್ಲೌಸಲ್ಲಿ ಗುರಿ ಸಿಗಲ್ಲ. ಒಂದೊತ್ತಿದ್ರೆ ಎರಡು ಒತ್ತುತ್ತೆ. ನಾವೆಲ್ಲ ಮೇಲಿಂದಕ್ಕೇ ಹೊಡೆಯೋದು."

"ಎಲ್ರದೂ ಅಳತೆ ತಗೊಂಡೆ, ಒತ್ತೋರದ್ದು ಮಾತ್ರ ತಗೊಳ್ಲಿಲ್ಲ," ಅನ್ನುತ್ತಾರೆ ಬೋರ್ಡಕ್ಕ. "ಒಂದ್ಸಲ ಗ್ಲೌಸ್ ಹಾಕ್ಕೊಂಡು ಒತ್ತಿ ನೋಡಿದ್ರೆ ಸಾಕಿತ್ತು. ನಾನು ಟೇಬಲ್ ಮೇಲಿಟ್ಟು ಬರಿಗೈಲಿ ಒತ್ತಿ ನೋಡಿದೆ. ಚೆನ್ನಾಗೇ ಇತ್ತು."

ಅದಕ್ಕೇ ಈ ಆರು ದಿನದ ಎಣಿಕೆ. ಆರರಿಂದ ಎರಡರವರೆಗೆ ನಿಂತೇ ಇರುತ್ತಾರೆ. ಮೆಷಿನ್ ನಿಂತ ಕೂಡಲೇ ಸ್ಟಾಪ್‌ವಾಚ್ ಒತ್ತುತ್ತಾರೆ, ಕಣ್ಣಾರೆ ಕಂಡ ಕಾರಣ ಬರೆಯುತ್ತಾರೆ. ಶನಿವಾರ ಎರಡು ಗಂಟೆಗೆ ನೋಟ್‌ಬುಕ್ಕಿನ ಮೊತ್ತ ಹೀಗಿದೆ: ಒಟ್ಟು ನೂರ ಎಂಬತ್ತಾರು ನಿಲುಗಡೆ. ಅದರಲ್ಲಿ 'ಆಪರೇಟರ್ ಇಲ್ಲ' ಎಂದು ಪರದೆ ಹೇಳಿದ್ದು ತೊಂಬತ್ತೇಳು ಸಲ. ಬೋರ್ಡಕ್ಕ ಕಂಡದ್ದು ನಾಲ್ಕು ಸಲ. ಮೂರು ಸಲ ಯಾರೋ ಮೂತ್ರಕ್ಕೆ ಹೋಗಿದ್ದರು, ಒಂದು ಸಲ ಒಬ್ಬರ ಮುಂಗೈ ಸುಟ್ಟಿತ್ತು. ನೂರ ಇಪ್ಪತ್ತೊಂದು ಸಲ ನಿಜವಾದ ಕಾರಣ ಗಾಳಿ. ಅಚ್ಚಿನಿಂದ ಕವಚವನ್ನು ಹೊರತಳ್ಳುವ ತೋಳು ನಡೆಯುವುದು ಕಂಪ್ರೆಸರ್ ಕಳಿಸುವ ಗಾಳಿಯ ಒತ್ತಡದಿಂದ. ಹಳೆಯ ಕಂಪ್ರೆಸರ್, ಉದ್ದದ ಕೊಳವೆ, ಕೊಳವೆಯ ತುದಿಯಲ್ಲಿ ಮೂರನೇ ಲೈನು. ಮೊದಲ ಪಾಳಿಯಲ್ಲಿ ಮಾತ್ರ ಐದೂ ಲೈನು ಒಟ್ಟಿಗೆ ಓಡುತ್ತವೆ. ಎಲ್ಲರೂ ಎಳೆದುಕೊಂಡು ಉಳಿದ ಗಾಳಿ ತುದಿಗೆ ಬರುತ್ತದೆ. ತೋಳು ಅರ್ಧಕ್ಕೆ ನಿಲ್ಲುತ್ತದೆ. ಆಪರೇಟರ್ ಬಗ್ಗಿ ಕೈಯಲ್ಲಿ ಬಿಡಿಸುತ್ತಾರೆ.

ಸೋಮವಾರ ಬೆಳಿಗ್ಗೆ ನೋಟ್‌ಬುಕ್ ಮ್ಯಾನೇಜರ್ ಮೇಜಿನ ಮೇಲಿದೆ.

"ಎಣಿಸೋಕೆ ನಿಮ್ಮ ಬೋರ್ಡೇ ಇದೆಯಲ್ಲ ಮೇಡಂ?"

"ಬೋರ್ಡ್ ತಪ್ಪು ಹೇಳ್ತಿದೆ ಸಾರ್."

"ಅದೇ ಬೋರ್ಡ್ ತೋರಿಸಿ ನಾನು ಮೇಲಿನವರ ಮುಂದೆ ಮಾತಾಡಿ ಬಂದಿದ್ದೀನಿ. ಅವತ್ತು ತಪ್ಪು ಹೇಳ್ತಿರಲಿಲ್ವಾ?"

"ಅವತ್ತೂ ಹೇಳ್ತಿತ್ತು. ನಂಗೆ ಗೊತ್ತಿರಲಿಲ್ಲ."

ಮ್ಯಾನೇಜರ್ ಹಾಳೆ ತಿರುವುತ್ತಾರೆ. ಕೆಟ್ಟ ಮನುಷ್ಯರೇನಲ್ಲ, ಕಂಪ್ರೆಸರ್ ಬದಲಿಸಬೇಕೆಂದು ಎರಡು ವರ್ಷದಿಂದ ಅವರೇ ಬರೆಯುತ್ತಿದ್ದಾರೆ. "ನಾನು ನಂಬಿದೆ ಅಂತಾನೇ ಇಟ್ಕೊಳ್ಳಿ. ಇದನ್ನ ಬರೆದೋರು ಯಾರು ಅಂತ ಮೇಲಿನವರು ಕೇಳ್ತಾರೆ. ನೋಟಿಸ್ ಬಂದವರ ನಾದಿನಿ ಅಂತ ಹೇಳಲಾ? ಬಿದ್ದು ಬಿದ್ದು ನಗ್ತಾರೆ." ನೋಟ್‌ಬುಕ್ ಮುಚ್ಚಿ ಹೇಳುತ್ತಾರೆ: "ಬೋರ್ಡ್ ಮಾಡಿದ್ದು ನಾನು, ತಪ್ಪು ನಂದು ಅಂತ ಬರೆದು ಸಹಿ ಹಾಕಿಕೊಡಿ. ಅದನ್ನಾದ್ರೆ ಇಡಬಹುದು. ಆಮೇಲೆ ನಿಮ್ಮ ಕೆಲಸ ಉಳಿಯುತ್ತೆ ಅಂತ ಮಾತ್ರ ನಾನು ಹೇಳಲಾರೆ."

ಆ ಸಂಜೆ ಬೋರ್ಡಕ್ಕ ಮಹಡಿಯಿಂದ ಕೆಳಗಿಳಿದು ಊಟದ ಮೇಜಿನ ಮೇಲೆ ಪತ್ರ ಬರೆಯುತ್ತಾರೆ. ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಂದು, ಒದ್ದೆ ಕೈ ಹಿಂದೆ ಕಟ್ಟಿಕೊಂಡು ಓದುತ್ತಾರೆ.

"ಇದನ್ನ ಕೊಟ್ರೆ ನಿನ್ನ ಕೆಲಸ?"

ಹತ್ತು ದಿನದ ಮೇಲೆ ಅಕ್ಕ ಆಡಿದ ಮೊದಲ ಮಾತು ಅದು.

"ಹೋದ್ರೆ ಹೋಗುತ್ತೆ."

"ಹೋದ್ರೆ ಹೋಗುತ್ತೆ ಅಂತೆ. ಈ ಕಣ್ಣಿಟ್ಕೊಂಡು, ಈ ಕತ್ತಿಟ್ಕೊಂಡು, ನಿಂಗೆ ಬೇರೆ ಯಾರೇ ಕೆಲಸ ಕೊಡ್ತಾರೆ?"

"ಎರಡು ದಿನ ತಡಿ," ಎನ್ನುತ್ತಾರೆ ಭಾವ.

"ತಡೆಯೋಕೆ ದಿನ ಎಲ್ಲಿದೆ ಭಾವ? ಗುರುವಾರ ವಿಚಾರಣೆ."

ಮಂಗಳವಾರ ಬೆಳಿಗ್ಗೆ ಎಂಟಕ್ಕೆ, ಕಚೇರಿ ಬಾಗಿಲು ತೆರೆದ ಕೂಡಲೇ, ಬೋರ್ಡಕ್ಕ ಪತ್ರ ಕೊಡುತ್ತಾರೆ.

ಗುರುವಾರ ಹನ್ನೊಂದಕ್ಕೆ ಏಳು ಮಂದಿಯನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುತ್ತಾರೆ. ಆರು ಮಂದಿ ಐದೈದು ನಿಮಿಷದಲ್ಲಿ ಹೊರಗೆ ಬರುತ್ತಾರೆ. ಎರಡನೇ ಮೆಷಿನ್ನಿನವರು ಬೋರ್ಡಕ್ಕನ ಮುಂದೆ ನಿಂತು, ತಲೆಯಾಡಿಸಿ ಲೈನಿಗೆ ಮರಳುತ್ತಾರೆ. ಭಾವ ಹೊರಗೆ ಬರಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆಮೇಲೆ ಮ್ಯಾನೇಜರ್ ಬೋರ್ಡಕ್ಕನನ್ನು ಕರೆದು ಒಂದು ಹಾಳೆ ತೋರಿಸುತ್ತಾರೆ. ಭಾವನ ಕೈಬರಹ. ನಾನು ಪದೇ ಪದೇ ಜಾಗ ಬಿಟ್ಟು ಹೋಗುತ್ತಿದ್ದುದು ನಿಜ, ಬೋರ್ಡಿನಲ್ಲಿ ತಪ್ಪಿಲ್ಲ, ಅದನ್ನು ಮಾಡಿದವರ ಮೇಲೆ ಕ್ರಮ ಬೇಡ. ಕೆಳಗೆ ಸಹಿ, ಮಂಗಳವಾರದ ತಾರೀಖು.

"ಇದು ಸುಳ್ಳು ಸಾರ್. ಅವರ ಮೆಷಿನ್ನಲ್ಲಿ ಆರು ದಿನ ಒಂದೇ ಒಂದು ಸಲ ಜಾಗ ಬಿಟ್ಟಿಲ್ಲ. ನೋಟ್‌ಬುಕ್ ನೋಡಿ."

"ಆರು ಜನರ ನೋಟಿಸ್ ನಿಮ್ಮ ಪತ್ರದ ಮೇಲೆ ವಾಪಸ್ ತಗೊಂಡಿದ್ದೀನಿ. ಇವರು ಸ್ವತಃ ಒಪ್ಪಿಕೊಂಡಿದ್ದಾರೆ. ಮೇಲಿನವರಿಗೆ ಏಳು ಜನ ಅಂತ ಹೇಳಿದ್ದೆ. ಏಳೂ ತಪ್ಪು ಅಂತ ಯಾವ ಬಾಯಲ್ಲಿ ಹೇಳಲಿ?"

ಭಾವ ಹೊರಗೆ ಸೈಕಲ್ ಸ್ಟ್ಯಾಂಡಿನ ಬಳಿ ನಿಂತಿದ್ದಾರೆ.

"ಏನಿದು ಭಾವ?"

"ನೀನು ಎಂಟಕ್ಕೆ ಕೊಟ್ಟೆ. ನಾನು ಆರಕ್ಕೇ ಸೂಪರ್‌ವೈಸರ್ ಕೈಲಿ ಕೊಟ್ಟಿದ್ದೆ."

"ಯಾಕೆ?"

"ನಂಗೆ ಉಳಿದಿರೋದು ಎರಡು ವರ್ಷ. ನಿಂಗೆ ಹದಿನಾಲ್ಕು. ಲೆಕ್ಕದೋಳು ನೀನು, ನೀನೇ ಹೇಳು."

"ಮಾಡದ ತಪ್ಪನ್ನ ಬರೆದುಕೊಟ್ಟಿರಲ್ಲ!"

"ಐದು ತಿಂಗಳು ದಿನಾ ಒತ್ತಿದ್ದೂ ಅದೇ ತಾನೇ. ಈ ಸಲ ಬರೆದುಕೊಟ್ಟೆ, ಅಷ್ಟೇ. ನಿಮ್ಮಕ್ಕನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ."

ಬೋರ್ಡಕ್ಕನಿಗೆ ಒಂದು ಎಚ್ಚರಿಕೆ ಪತ್ರ ಬಂದಿದೆ, ಕೆಲಸ ಉಳಿದಿದೆ. ಚಿಕ್ಕ ಪರದೆಗಳನ್ನೆಲ್ಲ ಬಿಚ್ಚಿ, ಅಂಗೈಯಿಂದ ಒತ್ತಬಹುದಾದಷ್ಟು ದೊಡ್ಡ ಬಟನ್‌ಗಳ ಹೊಸ ಪರದೆ ಕೂರಿಸಿದ್ದಾರೆ. ಕೈಗವಸು ತೊಟ್ಟು ಏಳೂ ಮೆಷಿನ್ನಿನ ಮುಂದೆ ತಾವೇ ಒತ್ತಿ ನೋಡಿದ್ದಾರೆ. 'ಆಪರೇಟರ್ ಇಲ್ಲ' ಎಂಬುದು ಈಗ ಆ ಪರದೆಯಲ್ಲಿಲ್ಲ. ಅದನ್ನು ದಾಖಲಿಸುವುದು ಸೂಪರ್‌ವೈಸರ್ ಕೆಲಸ. ಮೊದಲ ಹತ್ತು ದಿನದ ಲೆಕ್ಕ ಬಂದಿದೆ: ಗಾಳಿ ನೂರಕ್ಕೆ ಅರವತ್ತನಾಲ್ಕು, ಆಪರೇಟರ್ ಇಲ್ಲದ್ದು ನೂರಕ್ಕೆ ಎರಡು. ಚಿತ್ರ ಮೇಲಿನವರಿಗೆ ಹೋಗಿದೆ.

ಬೇರೇನು ಬೇಕು ಎಂದು ಕೇಳಿದರೆ ಅವರು ಹೇಳುತ್ತಾರೆ: "ಹೊಸ ಬೋರ್ಡ್ ಮಾಡೋ ಮುಂಚೆ ಆ ಜಾಗದಲ್ಲಿ ಒಂದು ಪಾಳಿ ನಿಂತು ನೋಡೋಕೆ ಬಿಡಿ ಅಂತ ಬರೆದುಕೊಟ್ಟಿದ್ದೀನಿ. ಅಷ್ಟೇ ಕೇಳಿರೋದು. ಉತ್ತರ ಬಂದಿಲ್ಲ."

ಭಾವ ತಿಂಗಳ ಕೊನೆಯ ದಿನ ಕೆಲಸದಿಂದ ವಜಾ ಆದರು. ಐದನೇ ಮೆಷಿನ್ನಿಗೆ ಎರಡನೇ ಲೈನಿನಿಂದ ಒಬ್ಬರನ್ನು ಹಾಕಿದ್ದಾರೆ.