ಸರ್ವೋತ್ತಮ ಮಾಮ ಬಿರುಕಿಗೆ ಅಂಟಿಸಿದ ಗಾಜು

ನನ್ನ ಸರ್ವೋತ್ತಮ ಮಾಮ ಯಾರ ಮನೆಗೆ ಹೋದರೂ ಚಹಾಕ್ಕಿಂತ ಮೊದಲು ಕೇಳುವುದು ಒಂದೇ: ‘ಯಾವ ಬಾಗಿಲು ಮೊದಲು ಚೌಕಟ್ಟಿಗೆ ಹಿಡಿಯಲಿಕ್ಕೆ ಶುರುವಾದದ್ದು?’ ಉಡುಪಿ ಕಡೆಯಿಂದ ಬಂದು, ಡೊಂಬಿವಲಿಯಲ್ಲಿ ಚಿಕ್ಕಪ್ಪನ ಹೋಟೆಲಿನಲ್ಲಿ ಹಗಲೆಲ್ಲ ದುಡಿದು, ಸಂಜೆ ಕಾಲೇಜಿನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದವರು. ಬೇಲಾಪುರದ ಒಂದು ಸಣ್ಣ ಕನ್ಸಲ್ಟೆಂಟ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಅವರಿಗೆ ಒಂದೇ ಕೆಲಸ, ಕುಸಿಯುತ್ತಿರುವ ಮನೆಗಳನ್ನು ಪರೀಕ್ಷಿಸಿ ವರದಿ ಬರೆಯುವುದು.

2012ರಲ್ಲಿ ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಪ್ರಾಜೆಕ್ಟ್ ನೆವದಲ್ಲಿ ಅವರ ಬೆನ್ನು ಹಿಡಿದು ಬೇಲಾಪುರದ ಹತ್ತಿರದ ಕಾಮೋಠೆಗೆ ಹೋದೆ, ಮತ್ತು ಐದು ಸೆಮಿಸ್ಟರಿನಲ್ಲಿ ತಲೆಗೆ ಹೋಗದ್ದೆಲ್ಲ ಆ ಒಂದೇ ಬೆಳಿಗ್ಗೆ ಹೋಯಿತು. ಕೂದಲಿನಂಥ ಬಿರುಕು ಬರೀ ಪ್ಲಾಸ್ಟರಿನದು, ಅದಕ್ಕೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹತ್ತಿ, ಮೇಲೆ ಹೋದಂತೆ ಅಗಲವಾಗುವ ಬಿರುಕು ಮಾತ್ರ ನೆಲದಿಂದ ಬಂದದ್ದು. ಆ ದಿನ ನಾವು ನೋಡಲು ಹೋದ ಉಮಾವತಿಯಕ್ಕನ ಮನೆಯಲ್ಲಿ ಅಂಥದ್ದೇ ಇತ್ತು.

ಅದು ಗೋಡೆಗೆ ಗೋಡೆ ಅಂಟಿದ ರೋ ಹೌಸ್ ಸಾಲಿನ ಕೊನೆಯ ಮನೆ. ಅವರ ಗಂಡ ವಾಸು ಬೇಲಾಪುರದ ಒಂದು ಹೋಟೆಲಿನ ಕ್ಯಾಶಿನಲ್ಲಿ ಕೂರುತ್ತಾರೆ. ಹತ್ತೊಂಬತ್ತು ವರ್ಷ ಬಾಡಿಗೆ ಮನೆಗಳಲ್ಲಿದ್ದು ಕೊಂಡ ಮನೆ. ಪಕ್ಕದ ಪ್ಲಾಟಿನಲ್ಲಿ ಟವರ್ ಕಟ್ಟಲು ಎರಡಾಳು ಆಳ ಅಗೆದು ಪಂಪು ಹಚ್ಚಿ ನೀರೆತ್ತುತ್ತಿದ್ದರು. ಕೆಸರು ಜಾಗಕ್ಕೆ ಮಣ್ಣು ತುಂಬಿ ಮಾಡಿದ ನೆಲ ಅದು. ನೀರು ಎಳೆದರೆ ಕೆಳಗಿನ ಕೆಸರು ಕುಗ್ಗುತ್ತದೆ, ಮನೆಯೂ ಅದರ ಜೊತೆ ಇಳಿಯುತ್ತದೆ. ಇಳಿಯುತ್ತಿದೆ ಎಂದು ಮಾಮ ಬರೆದುಕೊಟ್ಟರೆ ಪಂಪು ನಿಲ್ಲಿಸಲು ಆ ಸಾಲಿನ ಮನೆಯವರ ಸೊಸೈಟಿ ಅರ್ಜಿ ಹಾಕುವುದಿತ್ತು.

ಏಪ್ರಿಲಿನಲ್ಲಿ ಮಾಮ ಬಿರುಕಿನ ಅಡ್ಡಕ್ಕೆ ಬೆರಳುದ್ದದ ತೆಳು ಗಾಜಿನ ಪಟ್ಟಿಯಿಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಮಾರ್ಕರಿನಲ್ಲಿ ತಾರೀಖು ಬರೆದರು. ಗೋಡೆ ಒಂಚೂರು ಸರಿದರೂ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಬಿರುಕು ಹಳೆಯದು, ನಿಂತುಹೋದದ್ದು. ಎಷ್ಟು ಸುಲಭ, ಎಷ್ಟು ಚಂದ ಎನ್ನಿಸಿತು ನನಗೆ. ಆದರೆ ಇದನ್ನು ಮಾಮ ನನಗೆ ಹೇಳಿದ್ದು ವಾಪಸು ಬರುವಾಗ, ಲೋಕಲ್ ರೈಲಿನಲ್ಲಿ.

‘ಅವರಿಗೆ ಯಾಕೆ ಹೇಳಲಿಲ್ಲ ಮಾಮಾ?’

‘ಹೇಳಿದ್ರೆ ಜನ ನಿದ್ದೆ ಬಿಟ್ಟು ಗಾಜನ್ನೇ ನೋಡ್ತಾ ಕೂತ್ಕೊಳ್ತಾರೆ ಮಾರಾಯ್ತಿ. ನಾನು ಯಾರಿಗೂ ಹೇಳುದಿಲ್ಲ.’

ಮೇ, ಜೂನ್, ಜುಲೈ. ಪ್ರತಿ ತಿಂಗಳು ಹೋದಾಗಲೂ ಗಾಜು ಇಡಿಯಾಗಿತ್ತು. ಗೋಡೆ ನಿಂತಿದೆ ಎಂದು ಮಾಮ ಬರೆದುಕೊಟ್ಟರು. ಸೊಸೈಟಿಯವರು ಅರ್ಜಿಯ ವಿಚಾರ ಬಿಟ್ಟರು. ಪಂಪು ಓಡುತ್ತಲೇ ಇತ್ತು.

ಪಂಪು ನಿಲ್ಲದ್ದರಿಂದ ಆಗಸ್ಟಿನಲ್ಲೂ ಹೋದ ಮಾಮ ನೀರು ತುಂಬಿದ ಉದ್ದದ ಪಾರದರ್ಶಕ ಪೈಪನ್ನು ಮನೆಯ ಎರಡು ಮೂಲೆಗೆ ಹಿಡಿಸಿ, ಏಪ್ರಿಲಿನಲ್ಲಿ ಗುರುತು ಹಾಕಿದ್ದ ಮಟ್ಟವನ್ನು ಮತ್ತೆ ನೋಡಿದರು. ಒಂದು ತುದಿ ನಾನು ಹಿಡಿದಿದ್ದೆ. ಹೊಂಡದ ಕಡೆಯ ಮೂಲೆ ನಾಲ್ಕು ತಿಂಗಳಲ್ಲಿ ಮೂವತ್ತೊಂದು ಮಿಲಿಮೀಟರ್ ಇಳಿದಿತ್ತು. ಗಾಜು ಮಾತ್ರ ಹಾಗೇ ಇತ್ತು. ಮಾಮ ಮತ್ತೊಮ್ಮೆ ಅಳೆದರು. ಆಮೇಲೆ ಗಾಜಿನ ಹತ್ತಿರ ಹೋಗಿ ತುದಿಯ ಮೆತ್ತೆಯನ್ನು ಉಗುರಿನಿಂದ ಕೆರೆದರು. ಪುಡಿ ಉದುರಲಿಲ್ಲ. ಅದು ಮಾಮ ಮೆತ್ತಿದ ಪ್ಲಾಸ್ಟರ್ ಅಲ್ಲ, ವೈಟ್ ಸಿಮೆಂಟು.

‘ಉಮಾವತಿಯಕ್ಕಾ, ಈ ಗಾಜು ಯಾರು ಹಾಕಿದ್ದು?’

ಅವರ ಮುಖ ಸಣ್ಣದಾಯಿತು. ‘ಬೇಜಾರು ಮಾಡ್ಬೇಡಿ ಸರ್ವೋತ್ತಮಣ್ಣ. ನಾನು ಜೇಡನ ಬಲೆ ಹೊಡೆಯುವಾಗ ಕೋಲು ತಾಗಿರ್ಬೇಕು, ಒಡೆದುಹೋಯ್ತು. ನಿಮ್ಮ ಆಫೀಸಿನ ಸಾಮಾನು, ಹಾಗೆ ಬಿಡ್ಲಿಕ್ಕೆ ಆಗ್ತದಾ? ಫೋಟೋ ಫ್ರೇಮ್ ಅಂಗಡಿಯಲ್ಲಿ ಅದೇ ಅಳತೆಗೆ ಕತ್ತರಿಸಿ ತಂದು ಅಂಟಿಸಿದೆ. ತಾರೀಖೂ ನೀವು ಬರೆದ ಹಾಗೇ ಬರೆದೆ.’

‘ಒಂದು ಸರ್ತಿಯಾ?’

‘ಮೂರು ಸರ್ತಿ. ಎಷ್ಟು ಜಾಗ್ರತೆ ಮಾಡಿದ್ರೂ ಒಡೀತದೆ ಅದು.’

ಒಡೆದ ಚೂರುಗಳನ್ನೂ ಅವರು ಎಸೆದಿರಲಿಲ್ಲ. ಒಡೆದ ದಿನದ ಪೇಪರಿನಲ್ಲೇ ಸುತ್ತಿ ಮಾಳಿಗೆಯ ಮೇಲೆ ಇಟ್ಟಿದ್ದರು. ಮಾಮ ಮೂರೂ ಪೊಟ್ಟಣ ಬಿಚ್ಚಿ ಪೇಪರಿನ ತಾರೀಖು ಓದಿದರು: ಮೇ ಒಂಬತ್ತು, ಜೂನ್ ಇಪ್ಪತ್ತು, ಜುಲೈ ಹದಿಮೂರು. ಎರಡನೆಯದು ನಲವತ್ತೆರಡು ದಿನ ಉಳಿದಿತ್ತು, ಮೂರನೆಯದು ಇಪ್ಪತ್ಮೂರೇ ದಿನ. ಮಾಮ ನೆಲದ ಮೇಲೆ ಕೂತುಬಿಟ್ಟರು. ಕೂತುಕೊಂಡೇ ಗಾಜು ಯಾಕೆ ಅಂಟಿಸುವುದೆಂದು ಉಮಾವತಿಯಕ್ಕನಿಗೆ ಹೇಳಿದರು. ಅವರು ಒಳಗೆ ಹೋಗಿ ಗ್ಯಾಸ್ ಆರಿಸಿ ಬಂದರು.

ಮನೆ ಖಾಲಿ ಮಾಡಬೇಕು ಎಂದು ಮಾಮ ವರದಿ ಬರೆದರು. ಗಾಜಿನ ಉದ್ದೇಶವನ್ನು ಮನೆಯವರಿಗೆ ತಾನು ತಿಳಿಸಿರಲಿಲ್ಲ, ಹಿಂದಿನ ಪತ್ರ ತಪ್ಪು ಎಂದೂ ಸೇರಿಸಿದರು. ಆಫೀಸಿನ ಮಾಲೀಕ ರಘುಪತಿ ಅದನ್ನು ಓದಿ, ‘ಏ ಸರ್ವೋತ್ತಮ, ಈ ಲೈನ್ ಕಟ್ ಮಾಡು. ಗಾಜು ಬದಲಿಸಿದ್ದು ಆ ಹೆಂಗಸು, ನೀನಲ್ಲ’ ಎಂದರು.

‘ಅವರಿಗೆ ಗೊತ್ತಿರ್ಲಿಲ್ಲ ಸರ್. ನನಗೆ ಗೊತ್ತಿತ್ತು.’

ಆ ಸಾಲು ಅಳಿಸದೆಯೇ ವರದಿ ಹೋಯಿತು. ಮುಂದಿನ ತಿಂಗಳಿಂದ ಸೈಟಿಗೆ ಬೇರೆಯವರು ಹೋದರು. ಮಾಮ ಆಫೀಸಿನಲ್ಲಿ ಕೂತು ಅವರ ಅಳತೆಗಳನ್ನು ಟೈಪ್ ಮಾಡತೊಡಗಿದರು.

ಉಮಾವತಿಯಕ್ಕ ದೂರದ ಟಿಟ್ವಾಳಾದಲ್ಲಿ ಬಾಡಿಗೆಗೆ ಒಂದು ರೂಮ್ ಹಿಡಿದರು. ಟೆಂಪೋ ಬಂದ ಭಾನುವಾರ ಮಾಮ ಮತ್ತು ನಾನು ಕಾಮೋಠೆಗೆ ಹೋಗಿ ಮಾಳಿಗೆಯಿಂದ ಪಾತ್ರೆ ಇಳಿಸಿಕೊಟ್ಟೆವು. ವಾಸಣ್ಣ ನಮಗೆ ಬೆನ್ನು ಹಾಕಿಕೊಂಡೇ ಹಗ್ಗ ಕಟ್ಟಿದರು. ಕಪಾಟು ಹತ್ತಿಸಿದ ಮೇಲೆ ಉಮಾವತಿಯಕ್ಕ ಕೇಳಿದರು.

‘ಮೊದಲನೇದು ಒಡೆದ ದಿನವೇ ಫೋನ್ ಮಾಡಿದ್ರೆ ಮನೆ ಉಳೀತಿತ್ತಾ ಅಣ್ಣ?’

ಮಾಮ ಇಲ್ಲ ಎಂದುಬಿಡಲಿ ಎಂದು ನಾನು ಬಯಸುತ್ತಿದ್ದೆ.

‘ಉಳೀತಿತ್ತು ಅಂತ ಕಾಣ್ತದೆ’ ಎಂದರು. ‘ಫೋನ್ ಮಾಡಿ ಅಂತ ನಾನೇ ಹೇಳಿರ್ಲಿಲ್ಲ.’

ಉಮಾವತಿಯಕ್ಕ ತಲೆಯಾಡಿಸಿದರು. ‘ಒಡೆದದ್ದನ್ನು ನಿಮಗೆ ಹೇಗೆ ಹೇಳುದು ಅಂತ ನಾಚಿಕೆ ಆಗಿತ್ತು ನನಗೆ’ ಎಂದು ಹೇಳಿ, ಸೆರಗು ಸಿಕ್ಕಿಸಿಕೊಂಡು ಟೆಂಪೋದಲ್ಲಿ ಡ್ರೈವರನ ಪಕ್ಕ ಹತ್ತಿ ಕೂತರು.