ರೋಮಿನಲ್ಲಿ ಚಪ್ಪಲಿ ಬಿಡಬೇಡಿ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಚರ್ಚಿನ ಬಾಗಿಲು ಯಾವ ದಿಕ್ಕಿಗಿತ್ತು, ಅಮ್ಮ ಅವತ್ತು ಉಟ್ಟಿದ್ದು ನೀಲಿ ಸೀರೆಯೋ ಹಸಿರೋ, ಮೊದಲು ಜೋರು ಮಾಡಿದ್ದು ನಾನೋ ನನ್ನ ಗಂಡನೋ, ಯಾವುದನ್ನೂ ಆಣೆಯಿಟ್ಟು ಹೇಳಲಾರೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ. ರೋಮಿನಲ್ಲಿದ್ದ ಆ ವಾರ ಮಾತ್ರ ಒಂದಕ್ಷರ ಬರೆದಿಲ್ಲ. ಸಿಟ್ಟು ಬಂದಾಗ ನಾನು ಬರೆಯುವುದಿಲ್ಲ. ಹಾಗಾಗಿ ಆಮೇಲೆ ಸಿಟ್ಟೊಂದೇ ನೆನಪಿರುತ್ತದೆ, ಅದಕ್ಕೆ ಕಾರಣವಾದದ್ದು ಅಷ್ಟಾಗಿ ನೆನಪಿರುವುದಿಲ್ಲ.

ಈಗ ಬರೆಯಲು ಕಾರಣ ಒಂದು ಫೋನು. ಇಲ್ಲಿ, ಭೂಗೋಳದ ಕೆಳತುದಿಯ ಅಪ್ಪರ್ ಹಟ್ ಎಂಬ ಊರಿನಲ್ಲಿ, ನಮ್ಮ ಹಿಂದಿನ ರಸ್ತೆಯಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳಿದ್ದಾಳೆ. ಹೋದ ವಾರ ಫೋನ್ ಮಾಡಿದಳು. “ಆಂಟಿ, ಜುಲೈ ಹಾಲಿಡೇಸಲ್ಲಿ ರೋಮ್‌ಗೆ ಹೊರಟಿದೀವಿ. ನೀವು ಹೋಗಿ ಬಂದಿದೀರಲ್ಲ, ಸ್ವಲ್ಪ ಪ್ರಾಕ್ಟಿಕಲ್ ಟಿಪ್ಸ್ ಕೊಡಿ.”

ಕೊಟ್ಟೆ. ಇಲ್ಲಿ ಹೀಟರ್ ಹಾಕಿಕೊಂಡು ಕೂರುವ ಜುಲೈ ಅಲ್ಲಿ ಬೆಂಕಿ ಬಿಸಿಲು, ದಪ್ಪ ಜಾಕೆಟ್ಟುಗಳನ್ನು ಪೆಟ್ಟಿಗೆಗೆ ತುಂಬಬೇಡ ಎಂದೆ. ನಾವು ತುಂಬಿದ್ದೆವು. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡು, ಇಲ್ಲಿಯ ಹಾಗೆ ಬಲಕ್ಕಲ್ಲ. ಬೀದಿ ನಲ್ಲಿಗಳ ನೀರು ಧಾರಾಳವಾಗಿ ಕುಡಿಯಬಹುದು. ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿ, ಕೂತರೆ ಬೆಲೆ ಬೇರೆ. ಚಕ್ರದ ಸೂಟ್‌ಕೇಸನ್ನು ಕಲ್ಲುಹಾಸಿನ ಬೀದಿಯಲ್ಲಿ ಎಳೆದರೆ ಚಕ್ರ ಅಲ್ಲೇ ಉಳಿಯುತ್ತದೆ. ಅಲ್ಲಿಯವರೆಗೂ ನಾನು ಸಮಾಧಾನವಾಗಿಯೇ ಮಾತಾಡುತ್ತಿದ್ದೆ. ಆಗ ಅವಳು ಕೇಳಿದಳು, “ಫೋರಂ ನೋಡ್ಲೇಬೇಕಾ ಆಂಟಿ? ಅದು ಬರೀ ಕಲ್ಲಂತೆ?”

ಫೋನು ಸ್ಪೀಕರಿನಲ್ಲಿತ್ತು. ಮೇಜಿನಾಚೆ ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದಳು.

ಅಮ್ಮ ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತಳಾದವಳು. ಅಪ್ಪ ಹೋದಮೇಲೆ ನಮ್ಮ ಜೊತೆಗಿದ್ದಾಳೆ. ಪ್ರತಿ ವರ್ಷ ರೋಮಿನ ಪಾಠ ಬಂದಾಗ ಪುಸ್ತಕ ತೆರೆಯದೆ ಬೋರ್ಡಿನ ಮೇಲೆ ಫೋರಂನ, ಅಂದರೆ ಹಳೆಯ ರೋಮಿನ ನಡುಚೌಕದ, ನಕ್ಷೆ ಬರೆಯುತ್ತಿದ್ದಳಂತೆ. ಇದು ಸೆನೆಟ್, ಇದು ಭಾಷಣದ ಕಟ್ಟೆ, ಇದು ಸ್ಯಾಟರ್ನನ ಗುಡಿ, ಅಂದರೆ ನಮ್ಮ ಶನಿಮಹಾತ್ಮ ಅಂದುಕೊಳ್ಳಿ. ನಡುವೆ ಹಾದುಹೋಗುವುದು ಅವರ ರಾಜಬೀದಿ, ಗೆದ್ದು ಬಂದವರ ಮೆರವಣಿಗೆ ಸಾಗಿದ್ದು ಅದರ ಮೇಲೆ. ಹೋಗೋಣ ಎಂದು ನಾವು ತೀರ್ಮಾನಿಸಿದಾಗ ಅವಳು ಕೇಳಿದ್ದು ಒಂದೇ. “ಆ ಬೀದಿ ಮೇಲೆ ಒಂದ್ಸಲ ನಿಂತ್ಕೊಂಡ್ರೆ ಸಾಕು ಕಣೆ. ಮಿಕ್ಕಿದ್ದು ನೀವು ಏನು ತೋರಿಸಿದ್ರೂ ನೋಡ್ತೀನಿ.”

ಇಷ್ಟು ಸರಳವಾದದ್ದನ್ನು ನಾವು ಕೆಡಿಸಿದ್ದು ಹೇಗೆ ಎಂದು ಈಗಲೂ ತಲೆ ಕೆಡುತ್ತದೆ. ಯುಗಾದಿಗೆ ಶಾಲೆಯ ಹಾಲ್‌ನಲ್ಲಿ ಇಲ್ಲಿನ ಕನ್ನಡದವರೆಲ್ಲರೂ ಒಂದೊಂದು ಅಡುಗೆ ತಂದು ಸೇರಿದ್ದೆವು. ನನ್ನ ಗಂಡ ಸುಮ್ಮನಿರಲಾರದೆ ರೋಮಿನ ಸುದ್ದಿ ಹೇಳಿದರು. ಮುಗಿಯಿತು. ಹೋಳಿಗೆ ಬಡಿಸುತ್ತಿದ್ದವರೆಲ್ಲ ಸಲಹೆ ಬಡಿಸತೊಡಗಿದರು. ಸಣ್ಣ ರೈಸ್ ಕುಕ್ಕರ್ ತಗೊಂಡು ಹೋಗಿ, ಅಲ್ಲಿ ವೆಜ್ ಏನೂ ಸಿಗಲ್ಲ. ಪುಳಿಯೋಗರೆ ಗೊಜ್ಜು ಮರೀಬೇಡಿ. ಪಾಸ್‌ಪೋರ್ಟನ್ನ ಸೊಂಟಕ್ಕೆ ಕಟ್ಟಿಕೊಳ್ಳಿ. ಪಿಜ್ಜಾ ಹುಟ್ಟಿದ ದೇಶದಲ್ಲಿ ನಾವು ಹೋಟೆಲಿನ ಬಚ್ಚಲಿನ ಪ್ಲಗ್ಗಿಗೆ ಕುಕ್ಕರ್ ಸಿಕ್ಕಿಸಿ ಅನ್ನ ಮಾಡಿಕೊಂಡೆವು ಎಂದು ಯಾರಿಗಾದರೂ ಹೇಳಲು ನಾಚಿಕೆಯಾಗುತ್ತದೆ.

ಬಸ್ಸಿನ ಟೂರಿನಲ್ಲಿ ಯೂರೋಪ್ ಮುಗಿಸಿ ಬಂದಿದ್ದ ಹಿರಿಯರೊಬ್ಬರು ಅಲ್ಲಿದ್ದರು. ತಟ್ಟೆ ಹಿಡಿದೇ ಹೇಳಿದರು, “ಫೋರಂನ ಲಾಸ್ಟಲ್ಲಿಟ್ಕೊಳ್ಳಿ. ಬರೀ ಕಲ್ಲು. ಟೈಮಿದ್ರೆ ನೋಡಿ, ಇಲ್ದಿದ್ರೆ ಮೇಲ್ಗಡೆಯಿಂದ ಒಂದು ಫೋಟೋ ಹೊಡ್ಕೊಂಡು ಬನ್ನಿ.”

“ಹಂಪೀಲೂ ಬರೀ ಕಲ್ಲೇ,” ಎಂದಳು ಅಮ್ಮ.

“ಅದು ನಮ್ ಕಲ್ಲು ಆಂಟಿ!” ಎಂದು ಅವರು ನಕ್ಕರು. ಸುತ್ತಲಿದ್ದವರೂ ನಕ್ಕರು. ಅಮ್ಮನಿಗಿಂತ ನಾಲ್ಕೈದು ವರ್ಷವಷ್ಟೇ ಚಿಕ್ಕವರಿರಬಹುದು ಆ ಮಹಾಶಯರು. ಆ ‘ಆಂಟಿ’ ಎಂಬ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ನನ್ನ ಗಂಡ ಇಂಜಿನಿಯರು. ನಾಲ್ಕು ಜನ ಹೇಳಿದರೆ ಅವರಿಗೆ ಅದು ನಿಯಮ. ಫೋರಂನ ಟಿಕೆಟ್ಟನ್ನು ಕೊನೆಯ ದಿನದ ಮಧ್ಯಾಹ್ನಕ್ಕೆ ತೆಗೆದರು, ಒಳಗೆ ಹೋಗುವ ವೇಳೆ ಗೊತ್ತುಮಾಡಿದ ಟಿಕೆಟ್ಟು. “ರೀ, ಅದನ್ನ ಮೊದಲನೇ ದಿನಾನೇ ಇಡಿ,” ಎಂದು ನಾನು ಹೇಳಿದ್ದು ನೆನಪಿದೆ. ಹೇಳಲೇ ಇಲ್ಲ ಎನ್ನುತ್ತಾರೆ ಅವರು. ಇರಲಿ.

ಕೊನೆಯ ದಿನ ಬೆಳಿಗ್ಗೆ ಒಂದು ದೊಡ್ಡ ಚರ್ಚಿಗೆ ಹೋದೆವು. ಭುಜ ಮುಚ್ಚಿರಬೇಕು ಎಂದು ಬಾಗಿಲಲ್ಲೇ ತಡೆದರು. ಮಗಳದು ತೋಳಿಲ್ಲದ ಅಂಗಿ. ನನ್ನ ದುಪಟ್ಟಾ ಹೊದೆಯಲು ಅವಳು ಒಲ್ಲಳು, ನಾನು ಬಿಡೆ. ಸೀರೆಯುಟ್ಟಿದ್ದ ಅಮ್ಮನನ್ನು ಯಾರೂ ತಡೆಯಲಿಲ್ಲ, ನಾವು ಯಾರೂ ಗಮನಿಸಲೂ ಇಲ್ಲ. ನಮ್ಮ ಜಗಳದ ನಡುವೆ ಅವಳು ತನ್ನ ಪಾಡಿಗೆ ತಾನು ಚಪ್ಪಲಿ ಬಿಟ್ಟು, ಗೋಡೆಯ ಪಕ್ಕ ಜೋಡಿಸಿಟ್ಟು, ಒಳಗೆ ಹೋಗಿಬಿಟ್ಟಿದ್ದಳು.

ಹೊರಗೆ ಬಂದಾಗ ಚಪ್ಪಲಿ ಇರಲಿಲ್ಲ. ಸಕ್ಕರೆ ಕಾಯಿಲೆಯವರಿಗೆಂದೇ ಮಾಡುವ ಎಂಸಿಆರ್ ಚಪ್ಪಲಿ, ಮೈಸೂರಿನಿಂದ ತಂದದ್ದು, ಸವೆದು ಬಣ್ಣಗೆಟ್ಟಿತ್ತು. ಯಾರೋ ಕಸವೆಂದು ಎತ್ತಿ ಹಾಕಿರಬೇಕು.

“ಅಜ್ಜಿ, ವೇರ್ ಆರ್ ಯುವರ್ ಶೂಸ್?” ಎಂದಳು ಮಗಳು.

“ಇಲ್ಲೇ ಬಿಟ್ಟಿದ್ದೆ.”

“ಇದೇನು ಚಾಮುಂಡಿ ಬೆಟ್ಟಾನೇನಮ್ಮ?” ಎಂದೆ ನಾನು.

“ದೇವರ ಮನೆ ತಾನೇ?”

“ಟೋಕನ್ ಇಸ್ಕೊಂಡ್ರಾ ಅತ್ತೆ?” ಎಂದರು ನನ್ನ ಗಂಡ. ಇಂಥ ಹೊತ್ತಿನಲ್ಲಿ ಅವರಿಗೆ ತಮಾಷೆ ಬರುತ್ತದೆ.

“ನೋಬಡಿ ಡಸ್ ದಟ್, ಅಜ್ಜಿ!”

“ಯಾಕೆ, ನಿಮ್ಮೂರಲ್ಲಿ ಸೂಪರ್‌ಮಾರ್ಕೆಟ್ಟಿಗೇ ಬರಿಗಾಲಲ್ಲಿ ಬರ್ತಾರೆ. ಅವರನ್ನ ಯಾರೂ ಏನೂ ಅನ್ನಲ್ಲ,” ಎಂದಳು ಅಮ್ಮ. ಮಾತು ನಿಜ, ಆದರೆ ಅವರ ಕಾಲಿಗೆ ಸಕ್ಕರೆ ಕಾಯಿಲೆಯಿಲ್ಲ. ಆ ಕಾದ ಕಲ್ಲಿನ ಮೇಲೆ ಅಮ್ಮನ ಅಂಗಾಲಿನಲ್ಲಿ ಒಂದು ಬೊಕ್ಕೆ ಎದ್ದರೆ ತಿಂಗಳುಗಟ್ಟಲೆ ಮಾಯುವುದಿಲ್ಲ.

ಅಮ್ಮನನ್ನು ನೆರಳಿನಲ್ಲಿ ಕೂರಿಸಿದೆವು. ನನ್ನ ಶೂ ಅವಳಿಗೆ ಹಿಡಿಯಲಿಲ್ಲ, ಬಿಸಿಲಿಗೆ ಪಾದ ಊದಿಕೊಂಡಿತ್ತು. ಗಂಡನ ಕಾಲುಚೀಲ ಹಾಕಿಸಿ ನಾನೂ ಮಗಳೂ ಅಂಗಡಿ ಹುಡುಕಲು ಹೊರಟೆವು. ಒಂದರಲ್ಲಿ ಬರೀ ಎತ್ತರದ ಹಿಮ್ಮಡಿ. ಇನ್ನೊಂದಕ್ಕೆ ಮಧ್ಯಾಹ್ನದ ಬೀಗ. ಕಡೆಗೆ ಪ್ರವಾಸಿಗರಿಗೆ ಫ್ರಿಜ್ಜಿನ ಅಯಸ್ಕಾಂತ ಮಾರುವ ಅಂಗಡಿಯಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ ಸಿಕ್ಕಿತು, ಎರಡು ಅಳತೆ ದೊಡ್ಡದು. ಅದನ್ನು ಹಾಕಿಕೊಂಡು ಅಮ್ಮ ಒಂದೊಂದೇ ಹೆಜ್ಜೆ ಎಳೆದುಕೊಂಡು ಬಂದಳು. ಟ್ಯಾಕ್ಸಿ ಮಾಡೋಣವೆಂದರೆ ಆ ಬೀದಿಗೆ ಟ್ಯಾಕ್ಸಿ ಬರುವುದಿಲ್ಲ.

ಫೋರಂನ ಗೇಟು ತಲುಪಿದಾಗ ಒಳಗೆ ಬಿಡುವ ಹೊತ್ತು ಮೀರಿತ್ತು. ನಾನು ಕಾವಲಿನವನ ಮುಂದೆ ನಿಂತು, ಇವರು ಜೀವಮಾನವೆಲ್ಲ ಇದನ್ನೇ ಪಾಠ ಮಾಡಿದವರು, ಹತ್ತು ನಿಮಿಷ ಬಿಡಿ ಎಂದು ಇಂಗ್ಲಿಷಿನಲ್ಲಿ ಅಂಗಲಾಚಿದೆ. ಅವನು ಬೇಸರದಿಂದಲೇ ಆಗದೆಂದು ತಲೆಯಾಡಿಸಿ, ಗುಡ್ಡದ ಮೇಲಿನ ದಾರಿ ತೋರಿಸಿದ. ಅಲ್ಲಿಂದ ಕಾಣುತ್ತದೆ, ದುಡ್ಡಿಲ್ಲ ಎಂದ. ಮರುದಿನ ಬೆಳಗಿಗೆ ನಮ್ಮ ವಿಮಾನ.

ಮೇಲಿನ ಕಟಕಟೆ ಹಿಡಿದು ಅಮ್ಮ ನಿಂತಳು. ಕೆಳಗೆ ಎಲ್ಲವೂ ಇತ್ತು. ಕಾಲೇಜಿನ ದನಿಯಲ್ಲೇ ಶುರುಮಾಡಿದಳು. “ಅದು ಸೆನೆಟ್. ಇದೋ, ನಮ್ಮ ಕಾಲ ಕೆಳಗೇ ಶನಿ ಗುಡಿ, ಕಂಬ ನೋಡು. ಬೋರ್ಡಲ್ಲಿ ಇವೆರಡನ್ನೂ ದೂರ ದೂರ ಬರೀತಿದ್ದೆ ಕಣೆ. ಇಷ್ಟು ಹತ್ತಿರ ಅಂತ ಗೊತ್ತೇ ಇರ್ಲಿಲ್ಲ.” ಕೆಳಗಿನ ರಾಜಬೀದಿಯಲ್ಲಿ ಟೋಪಿ ಹಾಕಿದ ಜನ ಐಸ್‌ಕ್ರೀಮ್ ತಿನ್ನುತ್ತ ನಡೆಯುತ್ತಿದ್ದರು. ಅವರನ್ನೇ ನೋಡುತ್ತಿದ್ದಳು. “ಸಾಕು, ನಡಿ,” ಎಂದಳು.

ಅಜ್ಜಿ ಅತ್ತಳು ಎನ್ನುತ್ತಾಳೆ ಮಗಳು. ಅದು ಬೆವರು ಎನ್ನುತ್ತಾರೆ ನನ್ನ ಗಂಡ. ನಾನು ಅವಳ ಮುಖ ನೋಡಿದ ನೆನಪೇ ನನಗಿಲ್ಲ. ನೋಡಿದ್ದರೆ ನೆನಪಿರಬೇಕಿತ್ತಲ್ಲವೇ? ಅಥವಾ ನೋಡಿ, ಬೇಡವೆಂದು ಬಿಟ್ಟೆನೋ?

ಊರಿಗೆ ಬಂದಮೇಲೆ ಆ ಹಿರಿಯರು ಸಿಕ್ಕಿದಾಗ, “ಮೇಲಿಂದ ನೋಡಿದ್ರಲ್ಲ, ಏನೂ ಮಿಸ್ ಆಗಿಲ್ಲ ಬಿಡಿ,” ಎಂದರು. ಅವರ ಮೇಲಿನ ಸಿಟ್ಟನ್ನಾದರೂ ನುಂಗಬಹುದು. ರೋಮ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ಅಮ್ಮ, “ಚೆನ್ನಾಗಿತ್ತು, ಬಿಸಿಲು ಸ್ವಲ್ಪ ಜಾಸ್ತಿ,” ಎನ್ನುತ್ತಾಳೆ. ಇದನ್ನು ನುಂಗುವುದೇ ನನಗೆ ಕಷ್ಟ. ಬೈದಿದ್ದರೆ, ಮುನಿದಿದ್ದರೆ, ಒಂದು ದಿನ ಊಟ ಬಿಟ್ಟಿದ್ದರೆ ನನಗೆ ದಾರಿ ಕಾಣುತ್ತಿತ್ತು. ಅವಳ ಮಂಡಿ ಈಚೆಗೆ ಹಟ ಹಿಡಿದಿದೆ. ಮುಂದಿನ ವರ್ಷದ ಹೊತ್ತಿಗೆ ಹೆಚ್ಚು ದೂರ ನಡೆಯುವ ಯೋಚನೆ ಬಿಡಿ ಎಂದು ಡಾಕ್ಟರು ಹೇಳಿದ್ದಾರೆ.

ಅವತ್ತು ಫೋನಿನಲ್ಲಿ ಆ ಹುಡುಗಿಗೆ ಹೇಳಿದೆ, “ಮೊದಲನೇ ದಿನ, ಬೆಳಿಗ್ಗೆ ಎದ್ದವಳೇ ಫೋರಂಗೆ ಹೋಗು. ಲೇಸ್ ಕಟ್ಟೋ ಶೂ ಹಾಕ್ಕೋ. ಎಲ್ಲೂ ಬಿಚ್ಚಬೇಡ. ಬೇರೆ ಯಾರ ಟಿಪ್ಸೂ ತಗೋಬೇಡ, ನಂದೂ ಸೇರಿಸಿ.” ಅವಳು ಗಾಬರಿಯಾಗಿ, “ಓಕೆ ಆಂಟಿ,” ಎಂದು ಇಟ್ಟಳು.

ಅಮ್ಮ ಹುರುಳಿಕಾಯಿ ಹೆಚ್ಚುತ್ತಲೇ ಇದ್ದಳು. ಎದುರಿಗೆ ಕೂತು ಒಂದು ಮಾತು ಕೇಳಿದೆ. ಗಂಡನನ್ನೂ ಕೇಳಿರಲಿಲ್ಲ, ರಜೆಯನ್ನೂ ನೋಡಿರಲಿಲ್ಲ. ಆಮೇಲೆ ಒಂದು ವಾರವಾಯಿತು. ಅವಳಿಗೆ ಕೇಳಿಸಿತ್ತು, ಕೈ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದ್ದೇನೆ, ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಊಟಕ್ಕೆ ಕರೆದರೆ ಬರುತ್ತಾಳೆ, ಹವಾಮಾನದ ಮಾತಾಡುತ್ತಾಳೆ, ಮಗಳ ಕನ್ನಡ ತಿದ್ದುತ್ತಾಳೆ. ಇದಕ್ಕೆ ಹೂಂ ಇಲ್ಲ, ಉಹೂಂ ಇಲ್ಲ. ನಾನು ಕೇಳಿದ್ದು ಇಷ್ಟೇ:

“ಅಮ್ಮ, ಮಂಡಿ ನಡೆಯೋ ಹಾಗಿರುವಾಗ್ಲೇ ಇನ್ನೊಂದ್ಸಲ ಹೋಗೋಣ್ವಾ, ನಾವಿಬ್ರೇ?”